ತಮ್ಮನ ಪಾಲು

ನಮ್ಮ ಕಡೆ ನಾಗರ ಪಂಚಮಿಗೆ ಅಕ್ಕತಂಗಿಯರು ತಾವಾಗಿಯೇ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಅವರ ಊರಿಗೆ ಹೋಗಬೇಕು, ಅವರ ಮನೆಯಲ್ಲಿ ಒಂದು ಹೊತ್ತು ಉಣ್ಣಬೇಕು, ಅವರ ಚೀಲವನ್ನು ತಾನೇ ಹೊತ್ತು ಕರೆದುಕೊಂಡು ಬರಬೇಕು. ಎಲ್ಲರ ಕೈಗೂ ಫೋನು ಬಂದಿದೆ, ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದೆ, ಆದರೂ ಈ ಪದ್ಧತಿ ಬದಲಾಗಿಲ್ಲ. ಕರೆಯದೆ ಬಂದವಳನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಆದರೆ ಕರೆಯದೆ ಅವಳು ಬರುವುದೇ ಇಲ್ಲ.

ಇದು ಗೊತ್ತಿದ್ದೂ ಅವ್ವ ತೀರಿಕೊಂಡ ಮೇಲೆ ನಾನು ಅಕ್ಕನನ್ನು ಕರೆಯಲು ಒಮ್ಮೆಯೂ ಹೋಗಿರಲಿಲ್ಲ. ಅಕ್ಕ ಇರುವುದು ಭಟ್ಕಳದಲ್ಲಿ. ಮಾವ, ಅಂದರೆ ಅವಳ ಗಂಡ, ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಆ ಕಡೆ ಹೋದವನು ಅಲ್ಲಿಯೇ ನಿಂತ. ಪ್ರತಿ ಶ್ರಾವಣದಲ್ಲಿ ನಾನು ಶೇಂಗಾ ಉಂಡಿ, ಎಳ್ಳುಂಡಿ, ಹುರಿದು ಅರಳಿಸಿದ ಜೋಳದ ಅಳ್ಳು ತುಂಬಿದ ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ, ಆ ಕಡೆ ಕೆಲಸಕ್ಕೆ ಹೊರಟ ನಮ್ಮೂರಿನ ಯಾರಾದರೊಬ್ಬರ ಕೈಯಲ್ಲಿ ಕಳಿಸುತ್ತಿದ್ದೆ. ಆಮೇಲೆ ಫೋನ್ ಮಾಡಿ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ ಎನ್ನುತ್ತಿದ್ದೆ. ನಾನು ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕೆಲಸದವನು. ಪಂಚಮಿಗೆ ಅಲ್ಲಿ ಯಾರಿಗೂ ರಜೆ ಇಲ್ಲವೆನ್ನುವುದಿಲ್ಲ. ಅಕ್ಕನಿಗೂ ಅದು ಗೊತ್ತಿರಬೇಕು. ಆಗಲಿ ಬಿಡು, ಉಂಡಿ ಬಂದಾವು ಎನ್ನುತ್ತಿದ್ದಳು.

ಈ ವರ್ಷ ನಾನು ಡಬ್ಬಿ ಕಟ್ಟುವ ಮೊದಲೇ ಅವಳ ಫೋನು ಬಂತು. ಬಾ ಎಂದು ಈ ಸಲವೂ ಕೇಳಲಿಲ್ಲ.

"ಉಂಡಿ ಬ್ಯಾಡ ತಮ್ಮಾ," ಅಂದಳು. "ನಮ್ಮ ಹೊಲದಾಗಿನ ಹುತ್ತಿನ ಮಣ್ಣು ಒಂದೀಟು ಕಳಸು. ಇಲ್ಲಿ ಮಣ್ಣು ಬರೇ ಉಸುಕು. ನಾಗಪ್ಪನ ಹೆಡಿ ನಿಲ್ಲಾಂಗಿಲ್ಲ."

ನಮ್ಮ ಹೊಲ ಗುಡೂರಿನ ದಾರಿಯಲ್ಲಿದೆ. ಬದುವಿನ ಮೇಲೆ ಒಂದು ಬನ್ನಿ ಗಿಡ, ಅದರ ಬುಡಕ್ಕೆ ಹುತ್ತು. ಅಲ್ಲಿ ನಿಂತು ಕಲ್ಲು ಬೀಸಿದರೆ ಹೋಗಿ ಬೀಳುವಷ್ಟು ದೂರದಲ್ಲಿ ಅವ್ವನನ್ನು ಮಣ್ಣು ಮಾಡಿದ್ದೇವೆ. ನಾನು ಪ್ಲಾಸ್ಟಿಕ್ ಚೀಲ ಹಿಡಿದು ಹುತ್ತಿನ ಪಕ್ಕದ ಎರೆಮಣ್ಣು ಕೆದರಿದೆ. ಕೆದರುವಾಗ ಕಣ್ಣು ಆ ಕಡೆಗೇ ಹೋಗುತ್ತಿತ್ತು. ಉಂಡಿಯನ್ನು ಯಾರ ಕೈಯಲ್ಲಾದರೂ ಕಳಿಸಬಹುದು, ಈ ಮಣ್ಣನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡಲಾಗದು ಎಂದು ಅನ್ನಿಸಿತು. ಯಾಕೆ ಅನ್ನಿಸಿತು ಎಂಬುದನ್ನು ಹೇಳಬೇಕಾದರೆ ಅವ್ವ ಹೋದ ದಿನದ ಸಂಗತಿ ಹೇಳಬೇಕು.

ಅವ್ವ ಬೆಳಗ್ಗೆ ಹೋದಳು. ಅಕ್ಕ ಸುದ್ದಿ ಕೇಳಿದ ಕೂಡಲೇ ಬಸ್ಸು ಹತ್ತಿದಳು, ಆದರೆ ಘಟ್ಟದಲ್ಲಿ ರಸ್ತೆಯ ಮೇಲೆ ಮಣ್ಣು ಜರಿದು ಬಸ್ಸು ನಿಂತಿತು. ಫೋನಿನಲ್ಲಿ ಅವಳು ಅಳುತ್ತ ಅಲ್ಲಿದ್ದೇನೆ, ಇಲ್ಲಿದ್ದೇನೆ ಎಂದು ಹೇಳುತ್ತಿದ್ದಳು. ಮಧ್ಯಾಹ್ನ ಕಳೆಯಿತು. ಹೊಲದಲ್ಲಿ ಕುಣಿ ತೋಡಿಯಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯನಾಗಿದ್ದ ನಮ್ಮ ದೊಡ್ಡಪ್ಪ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನೂ ಹೊತ್ತೈತಿ. ಮಗಳು ಬರಲಿ, ಕಾಯೂಣೇನು?" ಎಂದು ಕೇಳಿದ.

ನಾನು, "ಬ್ಯಾಡ. ಎತ್ರಿ," ಅಂದೆ.

ಎಲ್ಲ ಮುಗಿಸಿ ಬಂದು ನಾವು ಕೈಕಾಲು ತೊಳೆಯುತ್ತಿರುವಾಗ ಅಕ್ಕ ಬಂದಳು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಕಾಯಲಿಲ್ಲವೇನು ಎಂದು ಕೇಳಿದಳು. ದೊಡ್ಡಪ್ಪ ಹಿತ್ತಿಲಲ್ಲಿದ್ದ. ನಾನು ಕಾಲಿಗೆ ನೀರು ಹಾಕಿಕೊಳ್ಳುತ್ತಲೇ, "ದೊಡ್ಡಪ್ಪ ಕೇಳಲಿಲ್ಲ," ಅಂದುಬಿಟ್ಟೆ. ಆ ಕ್ಷಣದಲ್ಲಿ ಬಾಯಿಗೆ ಬಂದ ಮಾತು ಅದು. ಅಂದಿನಿಂದ ಅಕ್ಕ ದೊಡ್ಡಪ್ಪನ ಜೊತೆ ಮಾತಾಡಲಿಲ್ಲ. ಅವನಿಗೆ ಕಾರಣವೇ ಗೊತ್ತಿಲ್ಲ. ಪ್ರತಿ ಪಂಚಮಿಗೆ ಕಟ್ಟೆಯ ಮೇಲೆ ಕೂತು, ಆಕಿ ಈ ವರ್ಷವೂ ಯಾಕ ಬರಲಿಲ್ಲ ಎಂದು ನನ್ನನ್ನೇ ಕೇಳುತ್ತಾನೆ. ಅವಳ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗಿರಲಿಲ್ಲ, ಅದಕ್ಕೇ ಡಬ್ಬಿ ಕಳಿಸುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು, ಭಟ್ಕಳ ಮುಟ್ಟಿದಾಗ ಮಳೆ ಹಿಡಿದಿತ್ತು. ಮಣ್ಣಿನ ಚೀಲವನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಈ ಸಲ ಹೇಳಿಯೇ ಬಿಡಬೇಕು ಎಂದು ಹೊರಟಿದ್ದೆ. ಹೇಳಿದ ಮೇಲೆ ಅವಳು ನನ್ನನ್ನು ತಮ್ಮ ಎನ್ನುತ್ತಾಳೋ ಇಲ್ಲವೋ ಎಂಬ ಅಂಜಿಕೆಯೂ ಇತ್ತು.

ಮಾವ ಕೊಡೆ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದಿದ್ದ. ಅವರ ಮನೆ ಹಳೆಯ ಕೇರಿಯ ಓಣಿಯಲ್ಲಿ, ದೊಡ್ಡ ಮನೆಯೊಂದರ ಹಿಂದಿನ ಎರಡು ಕೋಣೆ. ಅಕ್ಕ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ, ಹಾದಿ ತಪ್ಪಿ ಬಂದೇನು?"

"ಕರಿಯಾಕ ಬಂದೇನಿ," ಅಂದೆ.

ಅವಳು ಒಳಗೆ ಹೋದಳು. ಪಾತ್ರೆಗಳ ಸಪ್ಪಳ ಜೋರಾಗಿ ಕೇಳಿಸಿತು. ಮಾವ ನನ್ನ ಕಿವಿಯ ಹತ್ತಿರ ಬಂದು, ಹೆದರಬೇಡ, ಇದು ಸಿಟ್ಟಿನ ಸಪ್ಪಳ ಅಲ್ಲ, ಸಿಟ್ಟು ಬಂದರೆ ಸಪ್ಪಳವೇ ಇರುವುದಿಲ್ಲ, ಈ ಮನೆಯಲ್ಲಿ ನಾನು ಅಷ್ಟು ಕಲಿತಿದ್ದೇನೆ ಅಂದ. ನಾನು ಉಂಡು ಎದ್ದಾಗ ಅವಳ ಚೀಲ ತುಂಬಿ ಬಾಗಿಲ ಪಕ್ಕದಲ್ಲಿ ಕೂತಿತ್ತು. ಅದರ ಮೇಲೆ ಮಡಿಚಿಟ್ಟ ಇಳಕಲ್ಲ ಸೀರೆ. ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ನಮ್ಮ ತಮ್ಮ ಕರಿಯಾಕ ಬಂದಾನ ಎಂದು ಹೇಳಿ ಬಂದಿದ್ದಳು. ಮಣ್ಣನ್ನು ಕೈಗೆ ಕೊಟ್ಟಾಗ ಚೀಲ ಬಿಚ್ಚಿ ಮೂಸಿದಳು. ತವರಿಗೇ ಹೋಗುವವಳಿಗೆ ಇದು ಇನ್ನು ಯಾಕೆ, ವಾಪಸ್ಸು ಹೊತ್ತುಕೊಂಡು ನಡೆ ಎಂದು ನಕ್ಕಳು. ಅವಳು ನಕ್ಕದ್ದು ನೋಡಿ ನಾನು ಹೇಳಬೇಕಾದ ಮಾತನ್ನು ಮತ್ತೆ ನುಂಗಿಕೊಂಡೆ.

ಮರುದಿನ ಹೊರಡುವ ಮೊದಲು ಊರು ತೋರಿಸುತ್ತೇನೆ ಎಂದು ಕರೆದುಕೊಂಡು ಹೋದಳು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ಬಂದರಿನ ಹತ್ತಿರ ನಿಂತು ನೋಡಿದೆವು. ಮಳೆಗಾಲದ ಸಮುದ್ರ ನಮ್ಮ ಮಲಪ್ರಭೆಗೆ ಹೊಸ ನೀರು ಬಂದಾಗಿನ ಬಣ್ಣದಲ್ಲೇ ಇತ್ತು, ಆಚೆಯ ದಂಡೆಯೊಂದು ಇರಲಿಲ್ಲ ಅಷ್ಟೇ. ಅಕ್ಕ ಅದರ ಕಡೆ ಹೆಚ್ಚು ನೋಡಲಿಲ್ಲ. ನಡಿ, ನೋಡಬೇಕಾದ್ದು ಊರೊಳಗೆ ಐತಿ ಅಂದಳು.

ಆ ಊರಿನ ಹಳೆಯ ಮನೆಗಳನ್ನು ನೋಡಲು ದೂರದ ಜನ ಬರುತ್ತಾರಂತೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಓಣಿಗಳು. ಎರಡೂ ಕಡೆ ಚಿರೇಕಲ್ಲಿನ ದಪ್ಪ ಗೋಡೆಯ, ಹೆಂಚಿನ ಮನೆಗಳು. ನಾನು ಗ್ರಾನೈಟಿನವನು, ತೂತುತೂತಾದ ಆ ಕೆಂಪು ಕಲ್ಲನ್ನು ಕಂಡು ಇದೂ ಒಂದು ಕಲ್ಲೇನು ಎಂದು ಹಿಂದಿನ ದಿನ ಮಾವನನ್ನು ಕೆಣಕಿದ್ದೆ. ಮಾವ ಬಿಡಲಿಲ್ಲ. ಈ ಕಲ್ಲು ನೆಲದೊಳಗಿದ್ದಾಗ ಮೆತ್ತಗೆ, ಕೊಡಲಿಯಿಂದ ಕಡಿಯಬಹುದು, ಗಾಳಿಗೆ ಬಂದ ಮೇಲೆ ವರ್ಷ ವರ್ಷ ಗಟ್ಟಿಯಾಗುತ್ತ ಹೋಗುತ್ತದೆ, ನಿಮ್ಮ ಇಳಕಲ್ಲಿನ ಕಲ್ಲಿಗೆ ಮೈ ತಿಕ್ಕಿದರಷ್ಟೇ ಹೊಳಪು ಎಂದು ನನ್ನ ಬಾಯಿ ಮುಚ್ಚಿಸಿದ್ದ.

ಅಕ್ಕ ಕೆಲಸ ಮಾಡುವ ಮನೆಯೂ ಅಂಥದೇ. ಅಲ್ಲಿ ವಯಸ್ಸಾದ ಮುಸ್ಲಿಂ ಹೆಣ್ಣುಮಗಳೊಬ್ಬರು ಇದ್ದಾರೆ. ಮನೆ ಅವರ ಅಜ್ಜನ ಕಾಲಕ್ಕಿಂತಲೂ ಹಿಂದಿನದು. ಅಕ್ಕ ಅಡುಗೆಗೆ, ಕಸಮುಸುರೆಗೆ, ಎಲ್ಲದಕ್ಕೂ ಅವರ ಜೊತೆಗಿರುತ್ತಾಳೆ. ಅವರು ನನ್ನನ್ನು ಕೂಡಿಸಿ ಚಹಾ ಕೊಟ್ಟು, ತಮ್ಮ ಆ ಕಡೆಯ ಕನ್ನಡದಲ್ಲಿ ನಿಧಾನವಾಗಿ ಹೇಳಿದರು:

"ಪ್ರತಿ ವರ್ಷ ನಿಮ್ಮ ಉಂಡೆ ತಿನ್ತೇನೆ ನಾನು. ನಿಮ್ಮ ಮುಖ ಇವತ್ತು ನೋಡಿದೆ."

ನಾನು ಚಹಾ ಕುಡಿದು ಕಪ್ಪು ಕೆಳಗಿಟ್ಟೆ.

ಅಕ್ಕ ನನ್ನನ್ನು ಮಹಡಿಗೆ ಕರೆದುಕೊಂಡು ಹೋದಳು. ಮೇಲೆ ಬೀದಿಯ ಬದಿಗೆ ಕಟ್ಟಿಗೆಯ ಜಾಲಿಯ, ಸಣ್ಣ ಸಣ್ಣ ತೂತುಗಳ ಕಿಟಕಿ. ಹಿಂದಿನ ಕಾಲದಲ್ಲಿ ಮನೆಯ ಹೆಂಗಸರು ಇಲ್ಲಿಂದಲೇ ಬೀದಿ ನೋಡುತ್ತಿದ್ದರಂತೆ. ಒಳಗಿನವರಿಗೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿನವರಿಗೆ ಒಳಗಿನವರು ಕಾಣುವುದಿಲ್ಲ. ನಾನು ಜಾಲಿಗೆ ಕಣ್ಣು ಹಚ್ಚಿದೆ. ಓಣಿಯ ತುದಿ, ಅದರಾಚೆ ಬಸ್ ಸ್ಟ್ಯಾಂಡಿನಿಂದ ಬರುವ ರಸ್ತೆ ಕಂಡಿತು. ಶ್ರಾವಣ ಬಂದರೆ ಈ ಜಾಲಿಗೆ ಬಹಳ ಧೂಳು ಕೂಡುತ್ತದೆ, ಒರೆಸಲು ಹೊತ್ತು ಹಿಡಿಯುತ್ತದೆ ಎಂದು ಅಕ್ಕ ಹೇಳಿದಳು. ಹೊರಗೆ ಮಳೆ ಸುರಿಯುತ್ತಿತ್ತು. ಅಂಥ ಮಳೆಯಲ್ಲಿ ಎಲ್ಲಿಯ ಧೂಳು? ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಇನ್ನೊಂದು ಉಳಿದಿದೆ, ಅದನ್ನು ನೋಡಿದರೆ ನೀನು ಬಿದ್ದುಹೋಗುತ್ತಿ ಎಂದು ಅವಳು ನನ್ನನ್ನು ಹಳೆಯ ಗುಡಿಯೊಂದಕ್ಕೆ ಕರೆದುಕೊಂಡು ಹೋದಳು. ಮಳೆ ಜೋರಾದದ್ದರಿಂದ ಓಡಿ ಒಳಗೆ ಹೊಕ್ಕೆವು. ತಲೆ ಒರೆಸಿಕೊಂಡು ಮೇಲೆ ನೋಡಿದೆ. ಗುಡಿಯ ಮೇಲ್ಛಾವಣಿ ಹೆಂಚಲ್ಲ, ಇಡೀ ಕಲ್ಲು. ಗುಡಿಸಲಿನ ಹಾಗೆ ಇಳಿಜಾರಾಗಿ ಕಲ್ಲುಚಪ್ಪಡಿ ಹಾಸಿದ್ದಾರೆ. ಸುತ್ತಲೂ ಕಟ್ಟಿಗೆಯ ಜಾಲಿಯೆಂದೇ ತಿಳಿಯಬೇಕು, ಮುಟ್ಟಿದರೆ ಅದೂ ಕಲ್ಲು.

ನಮ್ಮ ಅವ್ವನ ತವರು ಐಹೊಳೆ. ಸಣ್ಣವರಿದ್ದಾಗ ಅಲ್ಲಿಯ ಒಂದು ಗುಡಿಯಲ್ಲಿ ನಾವಿಬ್ಬರೂ ಕಂಬದಾಟ ಆಡಿದ್ದೇವೆ. ಆ ಗುಡಿಯ ಮಾಳಿಗೆಯೂ ಹೀಗೆಯೇ ಇಳಿಜಾರು. ಚಪ್ಪಡಿಗಳ ನಡುವಿನ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳಿವೆ. ಅವು ಯಾಕೆಂದು ಕೇಳಿದರೆ ಅವ್ವ, ಮಳಿ ಬಂದರ ಗೊತ್ತಾಗತೈತಿ ಅನ್ನುತ್ತಿದ್ದಳು. ನಮ್ಮ ಕಡೆ ಅಂಥ ಮಳೆ ಬರಲಿಲ್ಲ, ಗೊತ್ತೂ ಆಗಲಿಲ್ಲ. ಅಲ್ಲಿ ನಿಂತಾಗ ಗೊತ್ತಾಯಿತು. ಅಷ್ಟು ಮಳೆ ಬೀಳುತ್ತಿದ್ದರೂ ಚಪ್ಪಡಿಗಳ ಸಂದಿಯಿಂದ ಒಂದು ಹನಿಯೂ ಒಳಗೆ ಇಳಿಯಲಿಲ್ಲ. ನೀರೆಲ್ಲ ಸೂರಿನಿಂದ ಹೊರಗೆ ಸುರಿಯುತ್ತಿತ್ತು.

"ಅವ್ವನ ಊರಿನ ಮಾಳಗಿ ಇಲ್ಲಿ ಬಂದು ಕುಂತೈತಿ, ನೋಡು," ಅಂದಳು ಅಕ್ಕ.

ಕೆಲಸ ಬೇಗ ಮುಗಿದ ದಿನ ಬಂದು ಇಲ್ಲಿ ಕೂಡುತ್ತಾಳಂತೆ. ಅವಳು ಸೂರಿನ ನೀರನ್ನು ನೋಡುತ್ತ, ಅವ್ವ ನನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದಳು, ಇಷ್ಟು ದೂರ ಬಂದೆನಲ್ಲ, ಬೇಡವೆಂದರೂ ಕೇಳಲಿಲ್ಲವಲ್ಲ ಎಂದು ಹೇಳಿದಳು. ಅತ್ತುಕೊಂಡು ಹೇಳಲಿಲ್ಲ. ಬಹಳ ದಿನಗಳಿಂದ ಗೊತ್ತಿರುವ ಸಂಗತಿ ಎಂಬಂತೆ ಹೇಳಿದಳು. ಅದನ್ನು ಕೇಳಿದ ಮೇಲೆ ನನ್ನಿಂದ ಸುಮ್ಮನಿರಲು ಆಗಲಿಲ್ಲ.

"ದೊಡ್ಡಪ್ಪ ಕಾಯೂಣು ಅಂದಿದ್ದ," ಅಂದೆ. "ಬ್ಯಾಡ ಅಂದಾಂವ ನಾನು."

ಅವಳು ತಿರುಗಿ ನೋಡಿದಳು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಶುರು ಮಾಡುವುದು ನನ್ನಿಂದ ಆಗುತ್ತಿರಲಿಲ್ಲ. ಅವ್ವ ಹಾಸಿಗೆ ಹಿಡಿದಾಗ ನೀರು ಕುಡಿಸಿದ್ದು, ಹೊರಗೆ ಕರೆದುಕೊಂಡು ಹೋದದ್ದು, ಮಗ್ಗಲು ಬದಲಿಸಿದ್ದು ಎಲ್ಲ ನಾನು. ಆದರೆ ಅವ್ವ ನನ್ನ ಕೈಯಿಂದ ಗಂಜಿ ಕುಡಿಯುತ್ತ ಬಾಗಿಲ ಕಡೆ ನೋಡಿ, ಹಿರೇಕಿ ಬಂದಳೇನು ಎಂದು ಕೇಳುತ್ತಿದ್ದಳು. ಅಕ್ಕನಿಗೆ ಅವ್ವ ಇಟ್ಟ ಹೆಸರು ಅದು, ಹಿರೇಕಿ. ದಿನಾ ಅದೇ ಮಾತು. ನಾನು ಎದುರಿಗಿದ್ದರೂ ಅವಳ ಕಣ್ಣಿಗೆ ಇಲ್ಲದವನಂತಿದ್ದೆ. ಆ ಹೊಟ್ಟೆಕಿಚ್ಚು ನನ್ನೊಳಗೆ ಕೂತಿತ್ತು. ದೊಡ್ಡಪ್ಪ ಮಗಳು ಬರಲಿ ಎಂದಾಗ, ಸತ್ತ ಮೇಲೂ ಅವಳೇ ಬರಬೇಕೇನು ಎಂದು ಅನ್ನಿಸಿ ಎತ್ರಿ ಅಂದುಬಿಟ್ಟೆ. ಇಷ್ಟನ್ನೂ ಹೇಳಿದೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಏನಂತಿದ್ದಳು? ಮತ್ತೊಮ್ಮೆ ಹೇಳು."

"ಹಿರೇಕಿ ಬಂದಳೇನು ಅಂತಿದ್ದಳು."

"ದಿನಾ?"

"ದಿನಾ."

ಅವಳು ಕಂಬಕ್ಕೆ ಒರಗಿ ಕೂತಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೂತಲ್ಲಿಂದಲೇ ಹೇಳಿದಳು.

"ಮಣ್ಣು ಹಾಕೂದು ತಪ್ಪಿತು, ಹೋಗಲಿ. ನಾ ಹಾಕಿದ್ರೇನು, ನೀ ಹಾಕಿದ್ರೇನು, ಮಣ್ಣ ಅದು. ಆಕಿ ನನ್ನ ಕೇಳಿದ್ದನ್ನ ನೀ ಒಬ್ಬಾಂವನ ಇಟ್ಕೊಂಡಿಯಲ್ಲೋ ತಮ್ಮಾ. ಅದು ನಂದಿತ್ತು."

ನಾನು ಇಷ್ಟು ವರ್ಷ ಹೊತ್ತದ್ದು ಒಂದು ತಪ್ಪನ್ನು. ಅವಳಿಗೆ ನಿಜವಾಗಿ ನೋವು ಕೊಟ್ಟದ್ದು ಇನ್ನೊಂದು, ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಒಂದು ಫೋನಿನಲ್ಲಿ ಹೇಳಬಹುದಾಗಿದ್ದ ಮಾತು. ಉಂಡಿ ಬಂದಾವೇನು ಎಂದು ಕೇಳುವಾಗ ಅದರ ಜೊತೆಗೇ ಹೇಳಬಹುದಾಗಿತ್ತು. ಹೇಳಿದ್ದರೆ ಅವಳು ಈ ಕಲ್ಲಿನ ಮಾಳಿಗೆಯ ಕೆಳಗೆ ಅವ್ವನ ಸಿಟ್ಟನ್ನು ನೆನೆಯುತ್ತ ಕೂಡುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಪಾತ್ರೆಯ ಸಪ್ಪಳ ಇರಲಿಲ್ಲ. ಮಾವ ನನ್ನ ಮುಖ ನೋಡಿ, ಬಾಗಿಲ ಪಕ್ಕದಲ್ಲಿದ್ದ ಚೀಲ ನೋಡಿ, ಹೊರಗೆ ಹೋದ. ಅಕ್ಕ ಸೀರೆಯನ್ನು ಮತ್ತೆ ಟ್ರಂಕಿನಲ್ಲಿಟ್ಟಳು. ಈ ವರ್ಷ ಬರುವುದಿಲ್ಲ ಎಂದಳು. ಪಂಚಮಿ ಮುಗಿಸಿಕೊಂಡು ಹೋಗು, ಬಂದವನು ಉಪವಾಸ ಹೋಗಬೇಡ ಎಂದೂ ಹೇಳಿದಳು. ತಮ್ಮಾ ಎನ್ನಲಿಲ್ಲ. ಅದನ್ನು ನಾನು ಗಮನಿಸಿದೆ.

ಪಂಚಮಿಯ ಬೆಳಗ್ಗೆ ಅವಳು ಸ್ನಾನ ಮಾಡಿ ನಾನು ತಂದ ಮಣ್ಣನ್ನು ನಾದಿದಳು. ಮಣೆಯ ಮೇಲೆ ನಾಗಪ್ಪನನ್ನು ಮಾಡಿ, ಹೆಡೆಯನ್ನು ಹೆಬ್ಬೆರಳಿನಿಂದ ಒತ್ತಿ ಎತ್ತಿ ನಿಲ್ಲಿಸಿದಳು. ಕಣ್ಣಿಗೆ ಎರಡು ಜೋಳದ ಕಾಳು. ನಮ್ಮ ಎರೆಮಣ್ಣು, ಹೆಡೆ ಗಟ್ಟಿಯಾಗಿ ನಿಂತಿತು. ಕೈ ತೊಳೆದುಕೊಂಡು ಬಂದು ನನ್ನ ಫೋನು ಕೇಳಿದಳು. ದೊಡ್ಡಪ್ಪನಿಗೆ ಹಚ್ಚಿಕೊಡು ಅಂದಳು.

ದೊಡ್ಡಪ್ಪನಿಗೆ ಈಗ ಕಿವಿ ಮಂದ. ಯಾರು, ಯಾರು ಎಂದು ಕೇಳುವುದು ನನಗೂ ಕೇಳಿಸುತ್ತಿತ್ತು. ಅಕ್ಕ ಜೋರಾಗಿ ಹೇಳಿದಳು: "ನಾನು, ಹಿರೇಕಿ. ದೊಡ್ಡಪ್ಪಾ, ಉಂಡಿ ತಿಂದ್ಯೇನು?" ಅವನು ಹಲ್ಲಿಲ್ಲ, ಹೆಂಗ ತಿನ್ನಲಿ ಅಂದ. ಕುಟ್ಟಿ ಪುಡಿ ಮಾಡಿ ಕೊಡಾಕ ಹೇಳು ಅಂದಳು. ಅಷ್ಟೇ ಮಾತು. ಫೋನು ನನ್ನ ಕೈಗಿಟ್ಟು ಮಣೆಯ ಮುಂದೆ ಕೂತಳು.

ನಮ್ಮಲ್ಲಿ ಹೆಂಗಸರು ಕೊಬ್ಬರಿ ಬಟ್ಟಲಿನಲ್ಲಿ ಬೆಲ್ಲವಿಟ್ಟು, ಅದರಲ್ಲಿ ಹಾಲು ಹಾಕಿಕೊಂಡು, ಒಬ್ಬೊಬ್ಬರ ಪಾಲು ಹೇಳುತ್ತ ನಾಗಪ್ಪನಿಗೆ ಎರೆಯುತ್ತಾರೆ. ಅಣ್ಣತಮ್ಮಂದಿರ ಪಾಲನ್ನು ಅಕ್ಕತಂಗಿಯರು ಎರೆಯಬೇಕು. ಅದಕ್ಕಾಗಿಯೇ ಅವರನ್ನು ಕರೆಯುವುದು. ಮಾವ ನನಗೆ ಮೊದಲೇ ಹೇಳಿದ್ದ, ಇಲ್ಲಿಗೆ ಬಂದ ಮೇಲೂ ಅವಳು ಒಂದು ವರ್ಷವೂ ನಿನ್ನ ಪಾಲು ತಪ್ಪಿಸಿಲ್ಲ ಎಂದು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅಕ್ಕ ಅಪ್ಪನ ಪಾಲು ಎಂದಳು, ಎರೆದಳು. ಅವ್ವನ ಪಾಲು ಎಂದಾಗ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು. ದೊಡ್ಡಪ್ಪನ ಪಾಲು. ಗಂಡನ ಪಾಲು. ತಾನು ಕೆಲಸ ಮಾಡುವ ಮನೆಯ ಅಮ್ಮನ ಪಾಲನ್ನೂ ಎರೆದಳು. ಆಮೇಲೆ ಬಟ್ಟಲಿಗೆ ಮತ್ತೆ ಹಾಲು ಹಾಕಿಕೊಂಡಳು, ಸುಮ್ಮನೆ ಹಿಡಿದು ಕೂತಳು.

ಈಗ ತಮ್ಮನ ಪಾಲು ಎನ್ನುತ್ತಾಳೆ ಎಂದು ಕಾದೆ. ಅವಳು ಬಟ್ಟಲನ್ನು ನನ್ನ ಕಡೆ ಚಾಚಿದಳು.

"ನಿನ್ನ ಪಾಲು ನೀನ ಹಾಕು."

ಗಂಡಸರು ಹೀಗೆ ಪಾಲು ಹೇಳಿ ಎರೆಯುವುದನ್ನು ನಾನು ನೋಡಿಲ್ಲ. ಬಂದು ಕೂತೆ. ಕೊಬ್ಬರಿ ಬಟ್ಟಲು ನನ್ನ ಕೈಯಲ್ಲಿ ಜಾರುತ್ತಿತ್ತು. ಏನೆಂದು ಹೇಳಬೇಕು, ನನ್ನ ಪಾಲು ಎಂದೇ? ಬಗ್ಗಿಸಿದ ಕೂಡಲೇ ಹಾಲೆಲ್ಲ ಒಮ್ಮೆಲೇ ಹೆಡೆಯ ಮೇಲೆ ಬಿತ್ತು, ಕರಿಮಣ್ಣು ಕಲಸಿಕೊಂಡು ಮಣೆಯ ಮೇಲೆ ಹರಿಯಿತು.

"ಸಾವಕಾಶ," ಅಂದಳು ಅಕ್ಕ. "ಹೆಡಿ ಕರಗತೈತಿ."

ಹೇಳಿ, ನನ್ನ ಮಣಿಕಟ್ಟು ಹಿಡಿದು ಬಟ್ಟಲನ್ನು ಮೇಲಕ್ಕೆತ್ತಿದಳು. ಉಳಿದ ಹಾಲನ್ನು ಹನಿಹನಿಯಾಗಿ ಎರೆಯುವವರೆಗೆ ಕೈ ಬಿಡಲಿಲ್ಲ.

ಮರುದಿನ ಬಸ್ ಸ್ಟ್ಯಾಂಡಿಗೆ ಇಬ್ಬರೂ ಬಂದರು. ನಮ್ಮಲ್ಲಿ ತವರಿನಿಂದ ಬಂದ ಡಬ್ಬಿಯನ್ನು ಬರಿದಾಗಿ ಕಳಿಸುವುದಿಲ್ಲ. ಹಿಂದಿನ ವರ್ಷಗಳ ಡಬ್ಬಿಯೊಂದನ್ನು ಅಕ್ಕ ತುಂಬಿಕೊಂಡು ಬಂದಿದ್ದಳು. ಆ ಕಡೆ ಪಂಚಮಿಗೆ ಅರಿಶಿನ ಎಲೆಯಲ್ಲಿ ಕಡುಬು ಮಾಡುತ್ತಾರೆ, ಅದನ್ನು ಅವಳು ಕಲಿತಿದ್ದಾಳೆ.

"ಮೆತ್ತಗ ಅದಾವು, ದೊಡ್ಡಪ್ಪಗ ಕೊಡು," ಅಂದಳು. "ಆಕಿ ಯಾಕ ಬರಲಿಲ್ಲ ಅಂತ ಕೇಳತಾನ. ಈ ಸಲ ಖರೇದ್ದು ಹೇಳು ತಮ್ಮಾ."

ಬರುವ ವರ್ಷ ಕರೆಯಲು ಬರಲೇ ಎಂದು ಕೇಳಿದೆ. ಬಾ, ಬರುವುದು ಬಿಡುವುದು ಆಗ ನೋಡೋಣ ಎಂದಳು. ಮಾವ ನನ್ನ ಬೆನ್ನ ಮೇಲೊಂದು ಗುದ್ದು ಹಾಕಿ ಬಸ್ಸು ಹತ್ತಿಸಿದ.

ಹೋಗುವಾಗ ತೊಡೆಯ ಮೇಲೆ ಮಣ್ಣಿತ್ತು, ಬರುವಾಗ ಡಬ್ಬಿ. ಘಟ್ಟ ಏರುವವರೆಗೂ ಅದು ಬೆಚ್ಚಗಿತ್ತು. ಊರು ಮುಟ್ಟಿದಾಗ ದೊಡ್ಡಪ್ಪ ಕಟ್ಟೆಯ ಮೇಲೆಯೇ ಕೂತಿದ್ದ. ನನ್ನ ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಬಸ್ಸಿನ ಬಾಗಿಲ ಕಡೆ ನೋಡಿದ. ಬಸ್ಸು ಹೋದ ಮೇಲೆ ನನ್ನ ಕಡೆ ತಿರುಗಿದ. ನಾನು ಅವನ ಪಕ್ಕದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದೆ. ಅವನು ಕೇಳುವ ಮೊದಲೇ, ಅವನ ಕಿವಿಗೆ ಮುಟ್ಟುವಷ್ಟು ಜೋರಾಗಿ, ಓಣಿಯವರಿಗೂ ಕೇಳಿಸುವಂತೆ ಹೇಳಲು ಶುರು ಮಾಡಿದೆ.